ಮ್ಯಾಲಿನ ಹುಡುಗಿ ‘ಇಳಸ್ರಿ’ ಅಂದರೆ ಇಳಿಸಿ: ಚಿಯರ್‌ಲೀಡಿಂಗ್ ಕೋಚ್‌ಗಳಿಗೂ ಶಿಕ್ಷಣ ಇಲಾಖೆಗೂ ಒಂದು ಬಹಿರಂಗ ಪತ್ರ

ಗೆ,
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ,
ಬೆಳಗಾವಿ ಮತ್ತು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗಳು.

ಹಾಗೆಯೇ, ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಚಿಯರ್‌ಲೀಡಿಂಗ್, ಪಿರಮಿಡ್, ಗ್ಯಾದರಿಂಗ್ (ಶಾಲೆಯ ವಾರ್ಷಿಕೋತ್ಸವ) ಡ್ಯಾನ್ಸ್ ಕಲಿಸುವ ಎಲ್ಲ ಕೋಚ್‌ಗಳಿಗೆ ಮತ್ತು ಪಿ.ಟಿ. ಮಾಸ್ತರರಿಗೆ.

ಮಾನ್ಯರೇ,

ನಾನು 31 ವರ್ಷ ಹೈಸ್ಕೂಲುಗಳಲ್ಲಿ ಪಿ.ಟಿ. ಮಾಸ್ತರನಾಗಿದ್ದವನು. ನಿವೃತ್ತಿಯಾಗಿ ಏಳು ವರ್ಷವಾಯಿತು. ಈಗ ಟಿಳಕವಾಡಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಬೆಳಿಗ್ಗೆ ವಾಕಿಂಗ್, ಸಂಜೆ ಮೊಮ್ಮಗಳನ್ನು ಶಾಲೆಯಿಂದ ಕರೆತರುವುದು, ಸದ್ಯ ಇಷ್ಟೇ ನನ್ನ ನೌಕರಿ.

ಈ ವರ್ಷ ಆಕೆಯ ಶಾಲೆಯಲ್ಲಿ ಚಿಯರ್‌ಲೀಡಿಂಗ್ ತಂಡ ಕಟ್ಟಿದ್ದಾರೆ. ಪಂದ್ಯದ ಹೊತ್ತಿನಲ್ಲಿ ಘೋಷಣೆ ಕೂಗುತ್ತ, ಕುಣಿಯುತ್ತ, ಒಬ್ಬರ ಮೇಲೊಬ್ಬರು ಹತ್ತಿ ನಿಂತು ತಮ್ಮ ತಂಡವನ್ನು ಹುರಿದುಂಬಿಸುವ ಆಟ ಇದು. ಹದಿನಾರು ಹುಡುಗಿಯರು. ನನ್ನ ಮೊಮ್ಮಗಳು ಏಳನೇ ಕ್ಲಾಸು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇಲ್ಲ, ಹಾಗಾಗಿ ಆಕೆಯನ್ನು ಮೇಲೆ ನಿಲ್ಲಲು ಆರಿಸಿದ್ದಾರೆ. ಕೋಚ್‌ಗಳ ಭಾಷೆಯಲ್ಲಿ ಇವರಿಗೆ ಫ್ಲೈಯರ್ ಅಂತ ಹೆಸರು. ಹುಡುಗಿಯರು ತಮ್ಮತಮ್ಮಲ್ಲಿ ‘ಮ್ಯಾಲಿನಾಕಿ’ ಅಂತಾರೆ. ಕೆಳಗೆ ಹೊರುವವರು ಬೇಸ್. ಬಿದ್ದರೆ ಹಿಡಿಯಲು ಪಕ್ಕದಲ್ಲಿ, ಬೆನ್ನ ಹಿಂದೆ ನಿಲ್ಲುವವರು ಸ್ಪಾಟರ್. ಈ ಮೂರನೇ ಹೆಸರು ನಮ್ಮ ಹುಡುಗಿಯರಿಗೆ ಗೊತ್ತೇ ಇರಲಿಲ್ಲ. ಅಂಥವರು ಅವರ ತಂಡದಲ್ಲಿ ಇದ್ದರೆ ತಾನೇ ಗೊತ್ತಾಗೋದು.

ಹೋದ ತಿಂಗಳು ಒಂದು ಸಂಜೆ ಸ್ವಲ್ಪ ಬೇಗ ಹೋಗಿ ಅವರ ತಾಲೀಮು ನೋಡಿದೆ. ಶಾಲೆಯ ಹಿಂದಿನ ಅಂಗಳ, ಕೆಳಗೆ ಶಹಾಬಾದ್ ಫರಸಿ. ಆಗಷ್ಟೇ ಮಳೆ ನಿಂತಿತ್ತು. ಆಯಾ ಒಬ್ಬರು ವೈಪರ್ ಹಿಡಿದು ನೀರು ತಳ್ಳಿದರು, ಆದರೂ ಫರಸಿಯ ಸಂದಿಯಲ್ಲಿ ಪಸೆ ಇತ್ತು. ಮೊಮ್ಮಗಳು ಬರೀ ಸಾಕ್ಸ್‌ನಲ್ಲಿ ಇಬ್ಬರು ಹುಡುಗಿಯರ ಭುಜದ ಮೇಲೆ ಹತ್ತಿ ನಿಂತಳು. ಕೆಳಗಿದ್ದ ಒಬ್ಬಳ ಕೊರಳಲ್ಲಿ ಸರ, ಇನ್ನೊಬ್ಬಳ ತಲೆಯಲ್ಲಿ ನಾಲ್ಕೈದು ಪಿನ್ನು. ಕೋಚ್ ಹುಡುಗ ಹತ್ತು ಹೆಜ್ಜೆ ದೂರದಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ‘ಸ್ಮೈಲ್! ಸ್ಮೈಲ್!’ ಅಂತ ಕೂಗುತ್ತಿದ್ದ. ಆಕೆಯ ಬಲಗಾಲು ನಡುಗುತ್ತಿದ್ದುದು ನನಗೆ ಗೇಟಿನಿಂದಲೇ ಕಾಣುತ್ತಿತ್ತು. ಆಕೆ ಮಾತ್ರ ಹಲ್ಲು ಬಿಟ್ಟು ನಗುತ್ತಲೇ ಇದ್ದಳು.

ಬರುವಾಗ ಸ್ಕೂಟರಿನ ಮೇಲೆ ಕೇಳಿದೆ, ‘ಹೆದರಿಕಿ ಆಗಲಿಲ್ಲೇನು?’

‘ಆತು ಅಜ್ಜಾ.’

‘ಮತ್ತ, ಇಳಸ್ರಿ ಅನಬೇಕಿಲ್ಲೋ?’

‘ಸರ್ ಸಿಟ್ಟಾಗ್ತಾರ. ಬ್ಯಾರೇದಾಕಿನ್ನ ಹತ್ತಸ್ತಾರ.’

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕೋಚ್ ಹುಡುಗನ ಮೇಲೆ ಸಿಟ್ಟೇನೂ ಬಂದಿರಲಿಲ್ಲ. ನೆನಪಾದದ್ದು 1997ರ ಜನವರಿ 26.

ಆಗ ನಾನು ಗೋಕಾಕ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದೆ. ಗಣರಾಜ್ಯೋತ್ಸವಕ್ಕೆ ಐದಂತಸ್ತಿನ ಪಿರಮಿಡ್ ಕಟ್ಟಿಸಿದ್ದೆ. ಹಿಂದಿನ ವರ್ಷ ಪಕ್ಕದೂರಿನ ಶಾಲೆಯವರು ನಾಲ್ಕು ಕಟ್ಟಿದ್ದರು. ನಾವು ಐದು ಕಟ್ಟಬೇಕು, ನನ್ನ ತಲೆಯಲ್ಲಿದ್ದದ್ದು ಅಷ್ಟೇ. ತುದಿಗೆ ಎಂಟನೇ ಕ್ಲಾಸಿನ ಒಬ್ಬ ಹುಡುಗ, ಕೈಯಲ್ಲಿ ಧ್ವಜ. ಹತ್ತುವ ಮೊದಲು ಅವನ ಕಿವಿಯಲ್ಲಿ ಹೇಳಿದ್ದೆ: ‘ಏನರ ಆಗಲಿ, ಝಂಡಾ ನೆಲಕ್ಕ ತಾಗಬಾರದು.’

ಹತ್ತಿದ. ಚಪ್ಪಾಳೆ ಬಿತ್ತು. ಪಂಚಾಯ್ತಿಯವರು ಮೈಕಿನಲ್ಲಿ ನೂರು ರೂಪಾಯಿ ಬಹುಮಾನ ಸಾರಿದರು. ಇಳಿಯುವ ಹೊತ್ತಿಗೆ ಕೆಳಸಾಲಿನ ಒಬ್ಬನ ಮೊಣಕಾಲಿಗೆ ಹರಳು ಒತ್ತಿತಂತೆ, ಅವನು ಒಂದಿಷ್ಟು ಸರಿದ. ಒಂದಿಷ್ಟೇ. ಮೇಲಿನದೆಲ್ಲ ಕುಸಿಯಿತು. ತುದಿಯ ಹುಡುಗ ಬೀಳುವಾಗ ಕೈ ಊರಲಿಲ್ಲ. ಧ್ವಜವನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡ. ಎಡ ಮೊಣಕೈ ಮೇಲೆ ಬಿದ್ದ. ಧ್ವಜ ನೆಲಕ್ಕೆ ತಾಗಲಿಲ್ಲ.

ಅದರ ಮೇಲೆ ಇನ್ನೊಂದು ತಪ್ಪು ಮಾಡಿದೆ. ಆಸ್ಪತ್ರೆಗೆ ಒಯ್ಯುವ ಬದಲು ಎಲುಬು ಕಟ್ಟುವವರ ಹತ್ತಿರ ಒಯ್ದೆ. ಬಿದಿರು ದಬ್ಬೆ ಕಟ್ಟಿಸಿ ಮನೆಗೆ ಬಿಟ್ಟು ಬಂದೆ. ಎರಡು ದಿನಕ್ಕೆ ಕೈ ಬಾತು, ಬೆರಳು ತಣ್ಣಗಾದವು. ಆಮೇಲೆ ಬೆಳಗಾವಿಗೆ ಓಡಿಸಿಕೊಂಡು ಬಂದೆವು. ಕೈ ಉಳಿಯಿತು, ಮೊಣಕೈ ನೇರವಾಗಲಿಲ್ಲ. ಈಗ ಅವನಿಗೆ ನಲವತ್ತು ದಾಟಿದೆ. ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಎಡಗೈ ಕುಡಗೋಲಿನ ಹಾಗೆ ಬಾಗಿಯೇ ಇರುತ್ತದೆ. ಎಲ್ಲಾದರೂ ಸಿಕ್ಕರೆ ಚಹಾ ಕುಡಿಸದೆ ಬಿಡುವುದಿಲ್ಲ. ‘ಅವತ್ತ ಝಂಡಾ ಬಿಡಲಿಲ್ಲ ನೋಡ್ರಿ ಸರ’ ಅಂತ ಹೆಮ್ಮೆಯಿಂದ ನೆನೆಸುತ್ತಾನೆ. ಬೈದಿದ್ದರೆ ಚಲೋ ಇತ್ತು.

ಮೊಮ್ಮಗಳ ನೆಪದಲ್ಲಿ ಚಿಯರ್‌ಲೀಡಿಂಗ್ ಬಗ್ಗೆ ಓದತೊಡಗಿದಾಗ ಅಮೆರಿಕದ ಒಂದು ಘಟನೆ ಕಣ್ಣಿಗೆ ಬಿತ್ತು. 2006ರ ಮಾರ್ಚ್. ಬಾಸ್ಕೆಟ್‌ಬಾಲ್ ಪಂದ್ಯದ ನಡುವೆ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಒಬ್ಬ ಹುಡುಗಿ ಪಿರಮಿಡ್ಡಿನ ಮೇಲಿಂದ ಸುಮಾರು 15 ಅಡಿ ಕೆಳಗೆ, ಗಟ್ಟಿ ನೆಲದ ಮೇಲೆ ತಲೆಕೆಳಗಾಗಿ ಬಿದ್ದಳು. ಕತ್ತಿನ ಎಲುಬು ಬಿರುಕು ಬಿಟ್ಟಿತ್ತು. ಕತ್ತು ಅಲ್ಲಾಡದಂತೆ ಕಟ್ಟಿ ಸ್ಟ್ರೆಚರ್ ಮೇಲೆ ಒಯ್ಯುತ್ತಿದ್ದಾಗ ಬ್ಯಾಂಡಿನವರು ಅವರ ತಂಡದ ಹಾಡು ಬಾರಿಸಿದರು. ಆಕೆ ಮಲಗಿದಲ್ಲೇ ಆ ಹಾಡಿಗೆ ತಕ್ಕಂತೆ ಕೈ ಆಡಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಎಲ್ಲರೂ ಇದನ್ನು ಆಕೆಯ ಛಲ ಅಂದರು. ಛಲ ಹೌದು. ನನಗೆ ಮಾತ್ರ ಅಲ್ಲಿ ಕಂಡದ್ದು ನಮ್ಮ ಝಂಡಾ ಹಿಡಿದ ಹುಡುಗ. ಮೇಲೆ ಹತ್ತಿಸಿದ ಮಗು ನಾವು ಹೇಳಿದ ಮಾತನ್ನು ಬೀಳುವಾಗಲೂ ಬಿಡುವುದಿಲ್ಲ, ಬಿದ್ದ ಮೇಲೂ ಬಿಡುವುದಿಲ್ಲ. ‘ನಗು’ ಅಂದರೆ ನಗುತ್ತದೆ. ‘ಝಂಡಾ ಹಿಡಿ’ ಅಂದರೆ ಹಿಡಿಯುತ್ತದೆ. ಇಷ್ಟು ಮಾತು ಕೇಳುವ ಮಕ್ಕಳಿಗೆ ನಾವು ಮೊದಲು ಏನು ಹೇಳಿಕೊಡುತ್ತಿದ್ದೇವೆ ಅನ್ನೋದೇ ಈ ಪತ್ರದ ವಿಷಯ.

ಈ ಆಟದ ಮೂಲ ತಿಳಿದರೆ ನಿಮಗೂ ನಗು ಬರಬಹುದು. 1898ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಅನ್ನುವ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಘೋಷಣೆ ಕೂಗಿಸಿದ. ಅದೇ ಶುರು ಅಂತಾರೆ. ಆಗ ಇದು ಗಂಡಸರ ಕೆಲಸ. ಹುಡುಗಿಯರು ಬಂದದ್ದು 1920ರ ದಶಕದಲ್ಲಿ. ಹೊರುವುದು, ಎಸೆಯುವುದು, ಪಿರಮಿಡ್ ಎಲ್ಲ ಆಮೇಲೆ ಸೇರಿಕೊಂಡವು. ನಮ್ಮ ಕಡೆ ಜನ ಇದನ್ನು ಕಂಡದ್ದು 2008ರಲ್ಲಿ ಐಪಿಎಲ್ ಶುರುವಾದಾಗ. ಹಾಗಾಗಿ ಚಿಯರ್‌ಲೀಡಿಂಗ್ ಅಂದಕೂಡಲೇ ನಮ್ಮ ಹಿರಿಯರು ಮೂಗು ಮುರಿಯುತ್ತಾರೆ, ಗಿಡ್ಡ ಲಂಗದ ಮಾತು ತೆಗೆಯುತ್ತಾರೆ. ನನಗೆ ಲಂಗದ ಚಿಂತೆ ಇಲ್ಲ. ಮಕ್ಕಳ ವಯಸ್ಸಿಗೆ ತಕ್ಕ ಬಟ್ಟೆ, ತಕ್ಕ ಹಾಡು ಇರಲಿ, ಅಲ್ಲಿಗೆ ಆ ಮಾತು ಮುಗಿಯಿತು. ಈಗ ಇದು ನಿಜವಾದ ಕ್ರೀಡೆ. ಇದರ ಅಂತಾರಾಷ್ಟ್ರೀಯ ಒಕ್ಕೂಟಕ್ಕೆ 2021ರಲ್ಲಿ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆಯೂ ಸಿಕ್ಕಿದೆ. ಕ್ರೀಡೆ ಅಂದಮೇಲೆ ಕ್ರೀಡೆಯ ಕಟ್ಟುನಿಟ್ಟೂ ಬರಬೇಕಲ್ವಾ?

ಅಮೆರಿಕದವರು ಪೆಟ್ಟು ತಿಂದು ಕಲಿತರು. ಅಲ್ಲಿ ಹೈಸ್ಕೂಲು ಹುಡುಗಿಯರಿಗೆ ಆಟದಲ್ಲಿ ಆದ ಜೀವಕ್ಕೇ ಕುತ್ತಾಗುವಂಥ ಪೆಟ್ಟುಗಳ ಲೆಕ್ಕವನ್ನು 1982ರಿಂದ ಇಡುತ್ತ ಬಂದಿದ್ದಾರೆ. ಮೊದಲ ಇಪ್ಪತ್ತೈದು ಮೂವತ್ತು ವರ್ಷದ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಪೆಟ್ಟು ಚಿಯರ್‌ಲೀಡಿಂಗ್‌ನವೇ. 1987ರಲ್ಲಿ ಅಲ್ಲಿ ಚಿಯರ್‌ಲೀಡಿಂಗ್ ಕೋಚ್‌ಗಳಿಗಾಗಿ ಒಂದು ಸಂಘ ಕಟ್ಟಿದರು. ಕೋಚ್ ಆಗುವವನಿಗೆ ಸುರಕ್ಷತೆಯ ಪಾಠ, ಅದರ ಮೇಲೆ ಪರೀಕ್ಷೆ ಇಟ್ಟರು. 2006ರ ಆ ಹುಡುಗಿ ಬಿದ್ದಮೇಲೆ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಮ್ಯಾಟ್ ಇಲ್ಲದೆ ಎತ್ತರದ ಪಿರಮಿಡ್ ಕಟ್ಟುವುದನ್ನು ನಿಲ್ಲಿಸಿದರು. 2012ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಇನ್ನೂ ಬಿಚ್ಚಿ ಹೇಳಿತು. ಪಿರಮಿಡ್ ಇಬ್ಬರ ಎತ್ತರ ಮೀರಬಾರದು. ಕಾಂಕ್ರೀಟು, ಡಾಂಬರು, ಬರೀ ಮಣ್ಣು ನೆಲದ ಮೇಲೆ ಸ್ಟಂಟ್ ಬೇಡವೇ ಬೇಡ, ಹುಲ್ಲು ಇಲ್ಲವೇ ಫೋಮ್ ಹಾಸು ಬೇಕು. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೂ ಸಾಕು, ಡಾಕ್ಟರು ಬರೆದುಕೊಡುವವರೆಗೆ ಆ ಮಗು ಆಟಕ್ಕಿಳಿಯಬಾರದು.

ಇಬ್ಬರ ಎತ್ತರ. ನಾನು ಐದು ಕಟ್ಟಿಸಿದ್ದೆ.

ಇದೆಲ್ಲ ಪರದೇಶದ ಮಾತು, ನಮಗ್ಯಾಕೆ ಅನ್ನುವವರು ನಮ್ಮ ಶಹಾಪುರದ ಆನಂದವಾಡಿ ಅಖಾಡ ನೆನಪಿಸಿಕೊಳ್ಳಿ. ಕುಸ್ತಿ ಶುರುವಾಗುವ ಮೊದಲು ಅಲ್ಲಿ ಮಣ್ಣು ಅಗೆದು, ಹೆಂಟೆ ಒಡೆದು, ಕೈಯಾಡಿಸಿ ಹರಳು ಆರಿಸುತ್ತಾರೆ. ಗರಡಿ ಮನೆಗಳಲ್ಲಿ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿಣ ಬೆರೆಸಿ ಹದ ಮಾಡುತ್ತಾರೆ. ಹುಡುಗ ತಾಲೀಮಿಗೆ ಸೇರಿದರೆ ವಸ್ತಾದರು ಮೊದಲು ಸಲಿಕೆ ಕೊಟ್ಟು ಮಣ್ಣು ತಿರುವಲು ಹಚ್ಚುತ್ತಾರೆ. ಆಮೇಲೆ ಬೀಳುವುದನ್ನು ಕಲಿಸುತ್ತಾರೆ. ಗದ್ದ ಎದೆಗೆ ಒತ್ತು, ಬೆನ್ನು ಗುಂಡಗೆ ಮಾಡು, ಕೈ ಅಗಲಿಸಿ ಹೊಡಿ. ಪಟ್ಟು ಕಲಿಸುವುದು ತಿಂಗಳುಗಟ್ಟಲೆ ಆದಮೇಲೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಮಲ್ಲಕಂಬದ ಹುಡುಗರನ್ನು ನೋಡಿದವರಿಗೆ ಗೊತ್ತು, ಕಂಬದ ತುದಿಗೇರುವ ಹುಡುಗ ಕಂಬದ ಬುಡದಲ್ಲಿ ಎಷ್ಟು ದಿನ ಕಳೆದಿರುತ್ತಾನೆ ಅಂತ. ನಮ್ಮ ಅಜ್ಜಂದಿರ ಹತ್ತಿರ ಮ್ಯಾಟ್ ಇರಲಿಲ್ಲ, ಸರ್ಟಿಫಿಕೇಟ್ ಇರಲಿಲ್ಲ. ಆದರೂ ನೆಲ ಮೊದಲು, ಬೀಳುವುದು ಆಮೇಲೆ, ಎತ್ತುವುದು ಕೊನೆಗೆ ಅನ್ನುವ ಸಾಲು ತಪ್ಪಿರಲಿಲ್ಲ. ನಾವು ಅದನ್ನು ಪೂರ್ತಿ ಉಲ್ಟಾ ಮಾಡಿದ್ದೇವೆ. ಮೊದಲನೇ ದಿನವೇ ಎತ್ತುತ್ತೇವೆ.

ಪಕ್ಕದ ಮಹಾರಾಷ್ಟ್ರದಲ್ಲಿ ದಹಿ ಹಂಡಿಯ, ಅಂದರೆ ಪಿರಮಿಡ್ ಕಟ್ಟಿ ಮೊಸರ ಗಡಿಗೆ ಒಡೆಯುವ ಹಬ್ಬದ, ಗಲಾಟೆ ನಿಮಗೂ ಗೊತ್ತಿರಬೇಕು. 2014ರಲ್ಲಿ ಬಾಂಬೆ ಹೈಕೋರ್ಟು 20 ಅಡಿ ಮೀರಬಾರದು, 18 ತುಂಬದವರನ್ನು ಹತ್ತಿಸಬಾರದು ಅಂದಿತು. ವಾದ ವಿವಾದ ಆಗಿ 2017ರಲ್ಲಿ ಎತ್ತರದ ಮಿತಿ ಹೋಯಿತು. ಆದರೂ 14 ವರ್ಷದೊಳಗಿನ ಮಕ್ಕಳು ಬೇಡ ಅನ್ನುವುದಾದರೂ ಉಳಿಯಿತು. ಬೀದಿಯ ಹಬ್ಬಕ್ಕೆ ಇಷ್ಟು ಲೆಕ್ಕಾಚಾರ ನಡೆಯಿತು. ಶಾಲೆಯ ಅಂಗಳದಲ್ಲಿ ಹನ್ನೆರಡು ವರ್ಷದ ಹುಡುಗಿಯನ್ನು ಭುಜದ ಮೇಲೆ ನಿಲ್ಲಿಸುವಾಗ ಯಾರೂ ಏನೂ ಕೇಳುವುದಿಲ್ಲ.

ಕೋಚ್‌ಗಳೇ, ಈಗ ನಿಮ್ಮ ಹತ್ತಿರ ನೇರ ಮಾತಾಡುತ್ತೇನೆ.

ಒಂದು ಸಣ್ಣ ಲೆಕ್ಕ. ಎರಡು ಮೀಟರ್ ಎತ್ತರದಿಂದ ಬಿದ್ದ ಮಗು ನೆಲ ಮುಟ್ಟಲು ಮುಕ್ಕಾಲು ಸೆಕೆಂಡೂ ಬೇಡ. 0.64 ಸೆಕೆಂಡು. ನೆಲಕ್ಕೆ ಬಡಿಯುವಾಗ ವೇಗ ಗಂಟೆಗೆ 22 ಕಿಲೋಮೀಟರ್ ದಾಟಿರುತ್ತದೆ. ಹತ್ತು ಹೆಜ್ಜೆ ದೂರ ನಿಂತು ಮೊಬೈಲ್ ಹಿಡಿದವನು ಮೊಬೈಲನ್ನು ಜೇಬಿಗೆ ಹಾಕುವುದರೊಳಗೆ ಎಲ್ಲ ಮುಗಿದಿರುತ್ತದೆ. ಹಿಡಿಯುವವರು ಕೈಯಳತೆಯಲ್ಲಿ, ಕೈ ಮೇಲೆತ್ತಿ, ಕಣ್ಣು ಮೇಲಿನವಳ ಮೇಲಿಟ್ಟು ನಿಂತಿರಬೇಕು. ಹಿಡಿಯುವುದೂ ಸುಮ್ನೆ ಬರುವುದಿಲ್ಲ. ನಮ್ಮ ಮಕ್ಕಳು ಬೀಳುವವರನ್ನು ಕಂಡರೆ ಹಿಂದೆ ಸರಿಯುತ್ತಾರೆ, ಅದು ಸಹಜ. ಮುಂದೆ ಹೆಜ್ಜೆ ಇಟ್ಟು ಬಗಲಲ್ಲಿ ಕೈ ಹಾಕುವುದನ್ನು ನೂರು ಸಲ ಮಾಡಿಸಿದರೆ ಮಾತ್ರ ಮೈಗೆ ಹತ್ತುತ್ತದೆ. ಎಲ್ಲಕ್ಕಿಂತ ಮೊದಲು ತಲೆ, ಕತ್ತು ಕಾಯಬೇಕು ಅಂತ ಹೇಳಿಕೊಡಬೇಕು. ಕಾಲು ಮುರಿದರೆ ಕೂಡುತ್ತದೆ.

ಇನ್ನು ಇಳಿಸುವುದು. ನಾನು ತರಬೇತಿ ಪಡೆದಾಗ ಪಿರಮಿಡ್ ಕಟ್ಟುವುದನ್ನು ಸೀಟಿಗೊಂದು ಹೆಜ್ಜೆ ಅಂತ ಲೆಕ್ಕ ಹಾಕಿ ಕಲಿಸಿದರು. ಬಿಚ್ಚುವುದನ್ನು ಯಾರೂ ಕಲಿಸಲಿಲ್ಲ. ನಾನು ಕಂಡ ಬೀಳಾಟಗಳಲ್ಲಿ ಹೆಚ್ಚಿನವು ಇಳಿಯುವಾಗಲೇ ಆದವು. ಚಪ್ಪಾಳೆ ಬಿದ್ದಾಗ ಎಲ್ಲರ ಗಮನ ಸಡಿಲವಾಗುತ್ತದೆ. ಕೆಳಗಿನವನು ‘ಮುಗೀತು’ ಅಂತ ಉಸಿರು ಬಿಡುತ್ತಾನೆ. ಆ ಉಸಿರಿಗೇ ಮೇಲಿನವನ ಕಾಲು ಅಲುಗುತ್ತದೆ. ಇಳಿಯುವುದಕ್ಕೂ ಎಣಿಕೆ ಇಡಿ. ಹತ್ತುವುದಕ್ಕೆ ಎಂಟು ಎಣಿಸಿದರೆ ಇಳಿಯುವುದಕ್ಕೆ ಹನ್ನೆರಡು ಎಣಿಸಿ.

ಬಳೆ, ಗೆಜ್ಜೆ, ಸರ, ಪಿನ್ನು ತೆಗೆಸಿ. ಬೆಂಡೋಲೆಯೂ ಬೇಡ. ಸಾಕ್ಸ್‌ನಲ್ಲಿ ಹತ್ತಿಸಬೇಡಿ. ಬಾಯಲ್ಲಿ ಚೂಯಿಂಗ್ ಗಮ್ ಇದ್ದರೆ ಉಗುಳಿಸಿ. ನೆಲ ಒದ್ದೆಯಿದ್ದರೆ ಅಂದಿನ ಎತ್ತುವ ತಾಲೀಮು ಬಂದ್. ಹುಲ್ಲಿನ ಮೈದಾನವೂ ಇಲ್ಲ, ಮ್ಯಾಟೂ ಇಲ್ಲ ಅಂದರೆ? ಹಾಗಾದರೆ ಎತ್ತಲೇಬೇಡಿ. ಕೆಲವರು ಮನೆಯ ಗಾದಿ ತಂದು ಹಾಸುತ್ತಾರೆ. ಎರಡು ಗಾದಿಯ ನಡುವೆ ಕಾಲು ಸಿಕ್ಕರೆ ಹಿಮ್ಮಡಿ ಹೊರಳುತ್ತದೆ, ಅದೂ ಕಷ್ಟವೇ. ಕ್ಯಾಂಪ್‌ಬೆಲ್ ಅನ್ನುವ ಆ ಹುಡುಗ ನೆಲದ ಮೇಲೆ ನಿಂತೇ ಅಷ್ಟು ದೊಡ್ಡ ಜನವನ್ನು ಕೂಗಿಸಿದ. ಜಿಗಿತ, ತಾಳ, ಕೈಯ ಚಲನೆ, ಘೋಷಣೆ ಇಷ್ಟರಲ್ಲೇ ಮೈದಾನ ನಡುಗಿಸಬಹುದು. ಎತ್ತಿದರೆ ಮಾತ್ರ ಚಿಯರ್ ಅನ್ನುವುದು ವಿಡಿಯೋಗಳು ಹುಟ್ಟಿಸಿದ ಭ್ರಮೆ.

ಮಗು ಬಿತ್ತು ಅಂದುಕೊಳ್ಳಿ. ನಮ್ಮ ಕಡೆ ಏನು ಮಾಡುತ್ತೇವೆ? ನಾಲ್ಕು ಜನ ಓಡಿಬಂದು ಬಗಲಿಗೆ ಕೈಹಾಕಿ ಎತ್ತಿ ಕೂಡಿಸಿ, ಮುಖಕ್ಕೆ ನೀರು ಚಿಮುಕಿಸಿ, ಕುಡಿಸುತ್ತೇವೆ. ಕತ್ತಿಗೆ ಪೆಟ್ಟಾಗಿದ್ದರೆ ನಾವು ಎತ್ತಿದ್ದೇ ಆ ಮಗುವಿಗೆ ಕುತ್ತಾಗಬಹುದು. ಕತ್ತು ನೋಯುತ್ತಿದೆ ಅಂದರೆ, ಕೈಕಾಲು ಜೋಮು ಅಂದರೆ, ಎಚ್ಚರ ತಪ್ಪಿದ್ದರೆ ಅಲ್ಲಾಡಿಸದೆ ಬಿಡಿ, 108ಕ್ಕೆ ಫೋನ್ ಮಾಡಿ. ತಲೆಗೆ ತಾಗಿದ ಮಗು ‘ಏನೂ ಆಗಿಲ್ಲ ಸರ್’ ಅಂತ ಎದ್ದು ನಿಲ್ಲುತ್ತದೆ. ನಿಂತಮಾತ್ರಕ್ಕೆ ನಂಬಬೇಡಿ. ವಾಂತಿ, ತಲೆನೋವು, ಮಂಕು, ಕೇಳಿದ್ದನ್ನೇ ಮತ್ತೆ ಕೇಳುವುದು, ಇವೆಲ್ಲ ಒಂದೆರಡು ತಾಸು ಬಿಟ್ಟೂ ಕಾಣಿಸಿಕೊಳ್ಳಬಹುದು. ಅವತ್ತು ಆಕೆ ಮತ್ತೆ ಹತ್ತಬಾರದು. ಮನೆಯವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿ.

ಮೊಮ್ಮಗಳ ಶಾಲೆಯಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲಿದೆ ಅಂತ ಸುಮ್ನೆ ವಿಚಾರಿಸಿದೆ. ಹೆಡ್‌ಮಾಸ್ತರರ ಕಪಾಟಿನಲ್ಲಿ. ಕಪಾಟಿಗೆ ಕೀಲಿ. ಕೀಲಿ ಹೆಡ್‌ಮಾಸ್ತರರ ಹತ್ತಿರ. ಅವರು ನಾಲ್ಕಕ್ಕೆ ಮನೆಗೆ ಹೋಗುತ್ತಾರೆ, ತಾಲೀಮು ನಾಲ್ಕೂವರೆಗೆ ಶುರು. ಆಂಬುಲೆನ್ಸ್ ಬರುವ ಹಿಂದಿನ ಗೇಟಿಗೂ ಕೀಲಿ. ಅದು ವಾಚಮನ್ನನ ಹತ್ತಿರ. ವಾಚಮನ್ ಎಲ್ಲಿ ಅಂದರೆ ಚಹಾಕ್ಕೆ ಹೋಗಿದ್ದ. ನಾನು ಹೋದಲ್ಲೆಲ್ಲ ಹೆಚ್ಚು ಕಡಿಮೆ ಇದೇ ಕತೆ. ನನ್ನ ಕಾಲದಲ್ಲಂತೂ ಪೆಟ್ಟಿಗೆಯಲ್ಲಿ ಇರುತ್ತಿದ್ದದ್ದು ಒಣಗಿದ ಟಿಂಚರ್ ಬಾಟಲಿ ಮತ್ತು ಒಂದು ಜಿರಳೆ.

ಇನ್ನೊಂದು ಮಾತು ಹೇಳಲು ಸ್ವಲ್ಪ ಹಿಂಜರಿಕೆ ಆಗುತ್ತದೆ, ಆದರೂ ಹೇಳಬೇಕು. ಮೈ ಹಿಡಿಯದೆ ಈ ಆಟ ಕಲಿಸಲು ಆಗುವುದಿಲ್ಲ. ಹಾಗಾಗಿ ಎಲ್ಲಿ ಹಿಡಿಯುತ್ತೀರಿ, ಯಾಕೆ ಹಿಡಿಯುತ್ತೀರಿ ಅಂತ ಮಕ್ಕಳಿಗೆ ಮೊದಲೇ ಹೇಳಿ ತೋರಿಸಿ. ಹುಡುಗಿಯರ ತಂಡವಿದ್ದರೆ ಒಬ್ಬ ಶಿಕ್ಷಕಿ ಪೂರ್ತಿ ಹೊತ್ತು ಅಲ್ಲೇ ಕೂತಿರಲಿ. ಇದರಿಂದ ಮಕ್ಕಳಿಗೂ ಒಳ್ಳೆಯದು, ಪ್ರಾಮಾಣಿಕ ಕೋಚ್‌ಗೂ ಒಳ್ಳೆಯದು. ಶಾಲೆಯವರು 2012ರ ಪೋಕ್ಸೊ ಕಾಯ್ದೆಯನ್ನು ಹೊರಗಿನಿಂದ ಬರುವ ಕೋಚ್‌ಗೆ ಒಂದು ಸಲ ಕೂಡಿಸಿ ಓದಿಸಿದರೆ ಏನೂ ನಷ್ಟವಿಲ್ಲ.

ಮತ್ತೆ ತೂಕ. ‘ಮ್ಯಾಲಿನಾಕಿ’ ಆಗಬೇಕು ಅಂತ ನಮ್ಮ ಮನೆಯಲ್ಲಿ ರೊಟ್ಟಿ ಎರಡರಿಂದ ಒಂದಕ್ಕೆ ಇಳಿದಿದೆ. ಕುಂದಾ ತಂದರೆ ಮುಟ್ಟುವುದಿಲ್ಲ. ಬೆಳಗಾವಿಯ ಹುಡುಗಿ ಕುಂದಾ ಬೇಡ ಅಂದರೆ ಅಜ್ಜ ಚಿಂತೆ ಮಾಡದೆ ಇರುತ್ತಾನೆಯೇ? ಕೇಳಿದರೆ, ಕೆಳಗೆ ನಿಲ್ಲುವ ಒಬ್ಬ ಹುಡುಗಿಗೆ ಸರ್ ಎಲ್ಲರ ಮುಂದೆ ‘ನೀ ಪಿಲ್ಲರ್’ ಅಂದರಂತೆ. ಎಲ್ಲರೂ ನಕ್ಕರಂತೆ. ಆ ಹುಡುಗಿಯೂ ನಕ್ಕಳಂತೆ. ಮರುದಿನದಿಂದ ಆಕೆ ಡಬ್ಬಿ ತೆಗೆಯುವುದಿಲ್ಲವಂತೆ. ಇಡೀ ಪಿರಮಿಡ್ ನಿಂತಿರುವುದು ಆಕೆಯ ಭುಜದ ಮೇಲೆ, ಆಕೆ ಹಸಿದು ನಿಂತರೆ ಮೇಲಿನವಳ ಗತಿ ಏನು? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನೀವು ತಮಾಷೆಗೇ ಅಂದಿರಬಹುದು. ಆ ವಯಸ್ಸಿನಲ್ಲಿ ತಮಾಷೆ ಹೊಟ್ಟೆಗೇ ಹೋಗಿ ತಾಗುತ್ತದೆ.

ಕ್ರೀಡಾ ಮನೋಭಾವದ ಬಗ್ಗೆ ಭಾಷಣ ಮಾಡುವುದಿಲ್ಲ, ನಾನೇ ಕಂಡದ್ದು ಒಂದನ್ನು ಹೇಳುತ್ತೇನೆ. ಎರಡು ಶಾಲೆಗಳ ಖೋ ಖೋ ಪಂದ್ಯ. ಎದುರಿನ ತಂಡದ ಒಬ್ಬ ಹುಡುಗಿ ಕಂಬ ಸುತ್ತುವಾಗ ಕಾಲು ಜಾರಿ ಬಿದ್ದಳು. ಔಟಾದಳು. ನಮ್ಮ ಹುಡುಗಿಯರು ಬಣ್ಣದ ಗೊಂಡೆ ಅಲ್ಲಾಡಿಸುತ್ತ ‘ಒನ್, ಟೂ, ತ್ರೀ, ಬಾಯ್ ಬಾಯ್!’ ಅಂತ ತಾಳ ಹಾಕಿದರು. ಕಲಿಸಿದ ಘೋಷಣೆಯೇ ಅದು, ಎಲ್ಲರ ಬಾಯಲ್ಲೂ ಒಟ್ಟಿಗೆ ಬಂತು. ಆ ಹುಡುಗಿ ಎದ್ದು, ಮೊಣಕಾಲಿನ ಮಣ್ಣು ಜಾಡಿಸಿಕೊಂಡು, ಹೊರಗೆ ಹೋಗುವಾಗ ಒಂದು ಸಲ ನಮ್ಮ ತಂಡದ ಕಡೆ ನೋಡಿದಳು. ಮೊಮ್ಮಗಳ ಗೊಂಡೆ ತಾನಾಗೇ ಕೆಳಗಿಳಿಯಿತು. ಕೋಚ್ ‘ಅಪ್! ಅಪ್!’ ಅಂದ. ಮತ್ತೆ ಮೇಲೆತ್ತಿದಳು.

ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ಶಾಲೆಗಳ ಮಕ್ಕಳು ಒಂದೇ ಮೈದಾನದಲ್ಲಿ ಆಡುವ ಊರು ನಮ್ಮದು. ಇಲ್ಲಿ ಒಂದು ಘೋಷಣೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಘೋಷಣೆ ಬರೆಯುವವರು ಕೋಚ್‌ಗಳೇ ಆದ್ದರಿಂದ ಪೆನ್ನು ಅವರ ಕೈಯಲ್ಲೇ ಇದೆ. ನಿಮ್ಮ ತಂಡದ ಹೆಸರು ಕೂಗಿಸಿ, ಎದುರಿನವರ ಹೆಸರು ಎತ್ತಬೇಡಿ. ಭಾಷೆ, ಬಣ್ಣ, ಊರು, ಜಾತಿ ಹತ್ತಿರಕ್ಕೂ ಬರಬಾರದು. ಯಾರಿಗಾದರೂ ಪೆಟ್ಟಾದರೆ ಗೊಂಡೆ ಕೆಳಗೆ, ಬಾಯಿ ಬಂದ್. ಅವರು ಎದ್ದು ಹೊರಟಾಗ ಚಪ್ಪಾಳೆ, ಯಾವ ತಂಡದವರಾದರೂ ಸರಿ. ಜಾತ್ರೆಯ ಕುಸ್ತಿಯಲ್ಲಿ ಸೋತವನ ಬೆನ್ನು ತಟ್ಟಿ ಮಣ್ಣು ಒರೆಸುವ ಗೆದ್ದ ಪೈಲವಾನನನ್ನು ನೀವೂ ನೋಡಿರುತ್ತೀರಿ. ಅಂಪೈರ್ ಮೇಲೆ ಕೋಚ್ ಕೂಗಾಡಿದರೆ ಮಕ್ಕಳು ಅದನ್ನೂ ಘೋಷಣೆಯಂತೆಯೇ ಬಾಯಿಪಾಠ ಮಾಡುತ್ತಾರೆ ಅನ್ನುವುದಂತೂ ನನ್ನ ಸ್ವಂತ ಅನುಭವ. ನನ್ನ ಬೈಗುಳ ಅಕ್ಷರಕ್ಕಕ್ಷರ ನನ್ನ ತಂಡದ ಕ್ಯಾಪ್ಟನ್ ಬಾಯಲ್ಲಿ ಕೇಳಿದ್ದೇನೆ.

ಕೋಚ್ ಹುಡುಗರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಹೆಚ್ಚಿನವರು ಡ್ಯಾನ್ಸ್ ಕ್ಲಾಸ್ ನಡೆಸುವವರು. ಗ್ಯಾದರಿಂಗ್‌ಗೆ ಹದಿನೈದು ದಿನ ಇರುವಾಗ ಕರೆಸುತ್ತಾರೆ. ಹಾಡಿಗೆ ಇಷ್ಟು ಅಂತ ರೇಟು. ಒಂದೇ ದಿನ ಮೂರು ಶಾಲೆ. ಸಂಸ್ಥೆಯವರಿಗೆ ‘ಏನಾದರೂ ಡಿಫರೆಂಟ್’ ಬೇಕು. ತಂದೆ ತಾಯಿಗೆ ತಮ್ಮ ಮಗು ಮೇಲೆಯೇ ಇರಬೇಕು, ಸ್ಟೇಟಸ್‌ಗೆ ಹಾಕಬೇಕು. ನನಗೂ ಅವತ್ತು ಐದಂತಸ್ತು ಬೇಕಾಗಿತ್ತಲ್ಲ. ಹದಿನೈದು ದಿನದಲ್ಲಿ ಎತ್ತುವುದನ್ನು ಕಲಿಸಲು ಆಗುವುದಿಲ್ಲ ಅಂತ ಹೇಳುವ ಧೈರ್ಯ ಕೋಚ್‌ಗೆ ಬರಬೇಕಾದರೆ ಅವನ ಬೆನ್ನಿಗೆ ಒಂದು ಕಾಗದ ಇರಬೇಕು. ಆ ಕಾಗದ ಇಲಾಖೆಯಿಂದ ಬರಬೇಕು.

ಉಪನಿರ್ದೇಶಕ ಸಾಹೇಬರೇ, ಅದಕ್ಕೇ ನಿಮಗೆ ಈ ಪತ್ರ. ಒಂದು ಸುತ್ತೋಲೆ ಹೊರಡಿಸಿ. ಸರ್ಕಾರಿ, ಅನುದಾನಿತ, ಖಾಸಗಿ ಎಲ್ಲ ಶಾಲೆಗೂ ಅನ್ವಯಿಸಲಿ. ಇಬ್ಬರ ಎತ್ತರ ಮೀರಿ ಯಾವ ಪಿರಮಿಡ್ಡೂ ಬೇಡ. ಗಟ್ಟಿ ನೆಲದ ಮೇಲೆ ಯಾರನ್ನೂ ಎತ್ತುವುದು ಬೇಡ. ಪ್ರತಿ ಕೋಚ್, ಪ್ರತಿ ಪಿ.ಟಿ. ಶಿಕ್ಷಕ ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿ ಪಡೆದಿರಲಿ, ಜಿಲ್ಲೆಯಲ್ಲಿ ಕಲಿಸಬಲ್ಲ ಡಾಕ್ಟರುಗಳಿಗೆ ಬರವಿಲ್ಲ. ತಾಲೀಮಿನ ಹೊತ್ತಿನಲ್ಲಿ ಗೇಟಿನ ಕೀಲಿ, ಪೆಟ್ಟಿಗೆಯ ಕೀಲಿ ಯಾರ ಹತ್ತಿರ ಅಂತ ಬೋರ್ಡಿನ ಮೇಲೆ ಬರೆದಿರಲಿ. ಹಿಂದೆ ಎಲುಬು ಮುರಿದದ್ದು, ಫಿಟ್ಸು, ಉಬ್ಬಸ ಇದೆಯೇ ಅಂತ ಮನೆಯವರನ್ನು ಮೊದಲೇ ಕೇಳಲಿ. ಈಗ ಶಾಲೆಗಳು ಪಾಲಕರಿಂದ ‘ಏನಾದರೂ ಆದರೆ ಶಾಲೆ ಜವಾಬ್ದಾರಿಯಲ್ಲ’ ಅಂತ ಸಹಿ ಮಾಡಿಸಿಕೊಳ್ಳುತ್ತಿವೆ. ಅದರ ಬದಲು ‘ಏನಾದರೂ ಆದರೆ ನಾವು ಏನು ಮಾಡುತ್ತೇವೆ’ ಅಂತ ಶಾಲೆ ಬರೆದು ಪಾಲಕರಿಗೆ ಕೊಡಲಿ.

ಈ ಎಲ್ಲದರ ಮೇಲೆ ಒಂದು ಸಾಲು ದಪ್ಪ ಅಕ್ಷರದಲ್ಲಿ ಹಾಕಿ. ತಂಡದ ಯಾವ ಮಗುವಾದರೂ, ಮೇಲಿನದಾಗಲಿ ಕೆಳಗಿನದಾಗಲಿ, ಯಾವಾಗ ‘ಇಳಸ್ರಿ’ ಅಂದರೂ ಆಗಲೇ ಇಳಿಸಬೇಕು. ಯಾಕೆ ಅಂತ ಆಮೇಲೆ ಕೇಳಬೇಕು. ಆ ಮಗುವಿನ ಜಾಗ ಮರುದಿನವೂ ಆ ಮಗುವಿನದೇ.

ರಾಜ್ಯೋತ್ಸವದ ಮೆರವಣಿಗೆ ಮುಗಿದ ಕೂಡಲೇ ಜಿಲ್ಲೆಯಲ್ಲಿ ಗ್ಯಾದರಿಂಗ್ ತಾಲೀಮುಗಳು ಶುರುವಾಗುತ್ತವೆ. ಡಿಸೆಂಬರಿನಲ್ಲಿ ಸುವರ್ಣಸೌಧದ ಅಧಿವೇಶನ ಬಂತೆಂದರೆ ಅಧಿಕಾರಿಗಳಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಹಾಗಾಗಿ ಅಕ್ಟೋಬರಿನಲ್ಲೇ ಆಗಲಿ ಅಂತ ಕೇಳಿಕೊಳ್ಳುತ್ತೇನೆ.

ನನ್ನ ಜೊತೆ ಇನ್ನಿಬ್ಬರು ನಿವೃತ್ತ ಮಾಸ್ತರರಿದ್ದಾರೆ. ಒಬ್ಬರು ಜೂಡೋ ಕಲಿಸಿದವರು, ಇನ್ನೊಬ್ಬರು ಚಿಕ್ಕಂದಿನಿಂದ ತಾಲೀಮಿನಲ್ಲಿ ಬೆಳೆದವರು. ಯಾವ ಶಾಲೆ ಕರೆದರೂ ಸಂಜೆ ಹೊತ್ತು ಬರುತ್ತೇವೆ. ಬೀಳುವುದು, ಹಿಡಿಯುವುದು, ಇಳಿಸುವುದು, ಇಷ್ಟು ಕಲಿಸಿಕೊಡುತ್ತೇವೆ. ದುಡ್ಡು ಬೇಡ, ಚಹಾ ಸಾಕು. ಹೋದ ಶನಿವಾರ ಮೊಮ್ಮಗಳ ಶಾಲೆಯಲ್ಲೇ ಮೊದಲನೇ ಪಾಠ ಆಯಿತು. ಕೋಚ್ ಹುಡುಗನೇ ಕರೆದಿದ್ದ, ಒಳ್ಳೆಯ ಹುಡುಗ. ಹುಲ್ಲಿನ ಮೇಲೆ ಹದಿನಾರೂ ಹುಡುಗಿಯರು ಒಂದು ತಾಸು ಸುಮ್ನೆ ಬಿದ್ದು ಬಿದ್ದು ಎದ್ದರು, ನಕ್ಕು ನಕ್ಕು ಸುಸ್ತಾದರು. ಕೊನೆಗೆ ಅವನೂ ಮೊಬೈಲ್ ಬ್ಯಾಗಿನಲ್ಲಿಟ್ಟು ಬಂದು ಬಿದ್ದ. ಬರುವ ಶನಿವಾರ ಹಿಡಿಯುವ ಪಾಠ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಿ.ಟಿ. ಮಾಸ್ತರ
ಟಿಳಕವಾಡಿ, ಬೆಳಗಾವಿ